ಜೈಲಿನ ಗೇಟು ದಾಟಿದ ಮೊದಲ ಹದಿನೈದು ದಿನ

"ಎಂಟ ತಿಂಗಳ ಒಳಗಿದ್ದ, ಎಲ್ಲಾ ಬಿಟ್ಟಾನ. ಮೈಕೈ ತುಂಬಿಕೊಂಡು ಚೊಲೋ ಆಗ್ಯಾನ."

ನಶೆಯ ಚಟಕ್ಕೆ ಬಿದ್ದ ಮಗ ಜೈಲಿನಿಂದ ಬಂದಾಗ ತಾಯಿಯೊಬ್ಬಳು ಓಣಿಯವರಿಗೆ ಹೀಗೆ ಹೇಳುವುದು ಸಹಜ. ಬೆಳಗಾವಿಯ ಹಿಂಡಲಗಾ ಜೈಲು ಇರಲಿ, ವಿಜಯಪುರದ ದರ್ಗಾ ಜೈಲು ಇರಲಿ, ಬಾಗಲಕೋಟೆಯ ಜಿಲ್ಲಾ ಕಾರಾಗೃಹ ಇರಲಿ, ಹೊರಗೆ ಕಾಯುವ ಮನೆಯವರ ಲೆಕ್ಕ ಒಂದೇ. ಇಷ್ಟು ದಿನ ನಶೆ ಮುಟ್ಟಿಲ್ಲ, ಅಂದ ಮೇಲೆ ಚಟ ಹೋಯಿತು.

ಚಟ ಹೆರಾಯಿನ್, ಬ್ರೌನ್ ಶುಗರ್ ಅಥವಾ ನೋವಿನ ಗುಳಿಗೆಯದ್ದಾಗಿದ್ದರೆ ಈ ಲೆಕ್ಕ ತಪ್ಪು. ಅದೂ ಪ್ರಾಣಕ್ಕೆ ಸಂಚಕಾರ ತರುವ ತಪ್ಪು. ಇಂಥ ಚಟ ಇದ್ದವನಿಗೆ ಒಳಗಿದ್ದ ಎಂಟು ತಿಂಗಳಿಗಿಂತ ಹೊರಗೆ ಬಂದ ಮೊದಲ ಎರಡು ವಾರ ಜಾಸ್ತಿ ಅಪಾಯದ್ದು.

ಇದು ಊಹೆಯ ಮಾತಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1999ರಿಂದ 2003ರವರೆಗೆ ಜೈಲಿನಿಂದ ಬಿಡುಗಡೆಯಾದ 30,237 ಜನರ ಹೆಸರನ್ನು ಸಾವಿನ ದಾಖಲೆಗಳ ಜೊತೆ ಹೋಲಿಸಿ ನೋಡಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಇವರು ಸಾಯುವ ಸಾಧ್ಯತೆ ಅದೇ ರಾಜ್ಯದ ಉಳಿದ ಜನರಿಗಿಂತ 12.7 ಪಟ್ಟು ಹೆಚ್ಚಿತ್ತು. ನಶೆಯ ಡೋಸ್ ಜಾಸ್ತಿಯಾಗಿ ಸಾಯುವ ಸಾಧ್ಯತೆಯನ್ನು ಮಾತ್ರ ತೆಗೆದುಕೊಂಡರೆ 129 ಪಟ್ಟು. ಅಚ್ಚಿನ ತಪ್ಪಲ್ಲ, ನೂರಾ ಇಪ್ಪತ್ತೊಂಬತ್ತು ಪಟ್ಟು.

ಯಾಕೆ ಹೀಗೆ?

ಬಾಗಲಕೋಟೆಯ ಎಪಿಎಂಸಿಯಲ್ಲಿ ಹಮಾಲಿ ಮಾಡುವವನೊಬ್ಬ ಇದ್ದಾನೆ ಎಂದುಕೊಳ್ಳಿ. ಕ್ವಿಂಟಲ್ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಲಾರಿ ಹತ್ತುತ್ತಾನೆ. ಅದು ಒಂದೇ ದಿನದಲ್ಲಿ ಬಂದ ತಾಕತ್ತಲ್ಲ. ಮೈ ಮೆಲ್ಲಗೆ ಪಳಗಿದೆ. ಅವನು ಆರು ತಿಂಗಳು ಹಾಸಿಗೆ ಹಿಡಿದು, ಎದ್ದ ದಿನವೇ ಹೋಗಿ ಅದೇ ಚೀಲಕ್ಕೆ ಬೆನ್ನು ಕೊಟ್ಟರೆ ಏನಾಗುತ್ತದೆ? ತಲೆಯಲ್ಲಿ ಹಳೆಯ ಲೆಕ್ಕವೇ ಇದೆ. ಬೆನ್ನಿನಲ್ಲಿ ಹಳೆಯ ತಾಕತ್ತು ಇಲ್ಲ.

ನಶೆಯಲ್ಲೂ ಇದೇ ಆಗುತ್ತದೆ. ದಿನಾ ತೆಗೆದುಕೊಳ್ಳುವವನ ಮೈ ಆ ಪ್ರಮಾಣಕ್ಕೆ ಒಗ್ಗಿರುತ್ತದೆ. ಜೈಲಿನಲ್ಲಿ ಕೆಲವು ವಾರ ಸಿಗದಿದ್ದರೆ ಸಾಕು, ಒಗ್ಗಿದ್ದು ಹೋಗುತ್ತದೆ. ಆದರೆ ಆಸೆ ಹೋಗುವುದಿಲ್ಲ. ಹಳೆಯ ಗೆಳೆಯ, ಹಳೆಯ ಸಂದಿ, ಕೈಯಲ್ಲಿ ನಾಲ್ಕು ಕಾಸು. ಅಷ್ಟಾದರೆ ಮುಗಿಯಿತು, ಅವನು ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟನ್ನೇ ತೆಗೆದುಕೊಳ್ಳುತ್ತಾನೆ. ಈ ಪದಾರ್ಥಗಳಿಗೆಲ್ಲ ಒಂದು ಕೆಟ್ಟ ಗುಣವಿದೆ. ಮಿದುಳಿನಲ್ಲಿ ಉಸಿರಾಟವನ್ನು ನಡೆಸುವ ಭಾಗವನ್ನೇ ಅವು ಮಂಪರಿಗೆ ತಳ್ಳುತ್ತವೆ. ಉಸಿರು ನಿಧಾನವಾಗುತ್ತದೆ, ಆಮೇಲೆ ನಿಲ್ಲುತ್ತದೆ. ನೋಡುವವರಿಗೆ ನಿದ್ದೆ ಮಾಡುತ್ತಿದ್ದಾನೆ ಎನಿಸುತ್ತದೆ. ಜೊತೆಗೆ ಕುಡಿದಿದ್ದರೆ ಅಥವಾ ನಿದ್ದೆ ಗುಳಿಗೆ ನುಂಗಿದ್ದರೆ ಇನ್ನೂ ಬೇಗ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಚಟ ಅಂದರೆ ಮೊದಲು ನೆನಪಾಗುವುದು ಸಾರಾಯಿ, ಗುಟ್ಕಾ, ಗಾಂಜಾ. ಈ ಲೇಖನ ಅವುಗಳ ಬಗ್ಗೆ ಅಲ್ಲ. ಮುಂದೆ ಹೇಳುವ ಬುಪ್ರೆನಾರ್ಫಿನ್, ಮೆಥಡೋನ್ ಎಂಬ ಔಷಧಿಗಳು ಗಾಂಜಾದವನಿಗೂ ಕೆಲಸಕ್ಕೆ ಬಾರವು, ಕುಡುಕನಿಗೂ ಬಾರವು. ಇಲ್ಲಿರುವುದು ಓಪಿಯಾಯ್ಡ್ ಎಂಬ ಗುಂಪಿನ ಮಾತು. ಅಫೀಮು, ಅದರಿಂದ ಬಂದ ಮಾರ್ಫಿನ್, ಹೆರಾಯಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್, ಟ್ಯಾಪೆಂಟಡಾಲ್‌ನಂಥ ನೋವಿನ ಗುಳಿಗೆ, ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಇದು ಪಂಜಾಬಿನ ಕಥೆ, ನಮಗ್ಯಾಕೆ ಎನ್ನುವವರಿಗೆ ಒಂದು ಅಂಕಿ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಮಾಡಿ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ. ಇವರಲ್ಲಿ ಚಿಕಿತ್ಸೆಯ ನೆರವು ಬೇಕಾದವರು ಸುಮಾರು 77 ಲಕ್ಷ. ಹೆರಾಯಿನ್ ನಂತರದ ದೊಡ್ಡ ಪಾಲು ಮೆಡಿಕಲ್ ಶಾಪಿನಿಂದ ಹೊರಬಂದ ಗುಳಿಗೆ, ಸಿರಪ್, ಇಂಜೆಕ್ಷನ್‌ಗಳದ್ದು. ಟ್ರಾಮಡಾಲ್ ಅನ್ನು 2018ರಲ್ಲಿ ಮಾದಕ ದ್ರವ್ಯಗಳ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ತಂದದ್ದು ಸುಮ್ನೆ ಅಲ್ಲ.

ಬಸ್ಸು, ಸೀಟು, ಟವೆಲ್

ಈಗ ಔಷಧಿಗೆ ಬರೋಣ. ಮಿದುಳಿನಲ್ಲಿ ಓಪಿಯಾಯ್ಡ್ ಬಂದು ಕೂರುವ ಜಾಗಗಳಿವೆ. ವೈದ್ಯರು ರಿಸೆಪ್ಟರ್ ಎನ್ನುತ್ತಾರೆ. ನಾವು ಬಸ್ಸಿನ ಸೀಟು ಎನ್ನೋಣ. ಸಾದಾ ಬಸ್ಸಲ್ಲ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಬಸ್ಸು.

ಹೆರಾಯಿನ್ ಎಂಬ ಪ್ರಯಾಣಿಕ ನುಗ್ಗಿ ಬಂದು ಸೀಟು ಹಿಡಿಯುತ್ತಾನೆ, ಬಸ್ಸೆಲ್ಲ ಗದ್ದಲ ಎಬ್ಬಿಸುತ್ತಾನೆ, ಮುಂದಿನ ಸ್ಟಾಪಿಗೇ ಇಳಿದುಬಿಡುತ್ತಾನೆ. ಸೀಟು ಖಾಲಿಯಾದ ಕೂಡಲೇ ಮೈ ಕಿರುಚಲು ಶುರು ಮಾಡುತ್ತದೆ. ಕಣ್ಣು ಮೂಗಿನಲ್ಲಿ ನೀರು, ಒಂದರ ಮೇಲೊಂದು ಆಕಳಿಕೆ, ಮೈ ನವಿರೇಳುವುದು, ಎಲುಬಿನಲ್ಲಿ ನೋವು, ವಾಂತಿ ಭೇದಿ, ನಿದ್ದೆ ಇಲ್ಲ. ಕೊನೆಯ ಡೋಸ್ ಆಗಿ ಅರ್ಧ ದಿನದೊಳಗೆ ಇದು ಶುರುವಾಗುತ್ತದೆ, ಎರಡು ಮೂರನೇ ದಿನ ಜೋರಾಗುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಜೈಲು ಸೇರಿದ ಮೊದಲ ವಾರ ಅನೇಕರು ಅನುಭವಿಸುವುದು ಇದನ್ನೇ. ಜೊತೆಗಿದ್ದವರು ನಾಟಕ ಅಂದುಕೊಳ್ಳುತ್ತಾರೆ. ನಾಟಕ ಅಲ್ಲ. ಸಾಮಾನ್ಯವಾಗಿ ಇದರಿಂದ ಪ್ರಾಣ ಹೋಗುವುದಿಲ್ಲ. ಆದರೆ ವಾಂತಿ ಭೇದಿಯಲ್ಲಿ ಮೈಯ ನೀರು ಬತ್ತಿ, ನೋಡುವವರಿಲ್ಲದಿದ್ದರೆ, ಹೋಗಬಹುದು.

ಮೆಥಡೋನ್ ಇನ್ನೊಬ್ಬ ಪ್ರಯಾಣಿಕ. ಪೂರ್ತಿ ಸೀಟಿನಲ್ಲಿ ಕೂರುತ್ತಾನೆ, ಆದರೆ ಗದ್ದಲ ಇಲ್ಲ. ನಿಧಾನ ಬರುತ್ತಾನೆ, ಒಂದು ದಿನ ಪೂರ್ತಿ ಕೂತಿರುತ್ತಾನೆ. ಇದನ್ನು ಸಿರಪ್ ರೂಪದಲ್ಲಿ, ದಿನಕ್ಕೊಮ್ಮೆ, ಆರೋಗ್ಯ ಸಿಬ್ಬಂದಿಯ ಎದುರಿಗೇ ಕುಡಿಸುತ್ತಾರೆ. ಡೋಸ್ ಏರಿಸುವಾಗ ಹುಷಾರಾಗಿರಬೇಕು, ಯಾಕೆಂದರೆ ಇದೂ ಜಾಸ್ತಿಯಾದರೆ ಉಸಿರನ್ನು ಹಿಡಿಯುತ್ತದೆ.

ಬುಪ್ರೆನಾರ್ಫಿನ್ ಬುದ್ಧಿವಂತ. ಅರ್ಧ ಸೀಟಿನಲ್ಲಷ್ಟೇ ಕೂರುತ್ತಾನೆ, ಆದರೆ ಎದ್ದೇಳುವ ಮಾತೇ ಇಲ್ಲ. ಮೈಗೆ ಸೀಟು ತುಂಬಿದೆ ಎನಿಸುವಷ್ಟು ಸಾಕು, ನೋವು ನಿಲ್ಲುತ್ತದೆ. ಮೇಲೆ ಹೆರಾಯಿನ್ ಬಂದು ನೂಕಿದರೂ ಜಾಗ ಸಿಗುವುದಿಲ್ಲ. ಅರ್ಧವೇ ಕೂರುವುದರಿಂದ ಡೋಸ್ ಏರಿಸಿದರೂ ಒಂದು ಮಟ್ಟದ ಮೇಲೆ ಉಸಿರಾಟಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟು ಕರಗಿಸಬೇಕು, ನುಂಗಿದರೆ ಹೆಚ್ಚಿನ ಪಾಲು ವ್ಯರ್ಥ. ಒಂದೇ ಒಂದು ಕಿರಿಕಿರಿ ಇದೆ. ಸೀಟಿನಲ್ಲಿ ಹೆರಾಯಿನ್ ಇನ್ನೂ ಕೂತಿರುವಾಗ ಇದು ಬಂದರೆ ಅವನನ್ನು ಕಾಲರ್ ಹಿಡಿದು ಎಬ್ಬಿಸುತ್ತದೆ, ಮೈ ಕಿರುಚುವುದು ಒಮ್ಮೆಲೇ ಶುರುವಾಗುತ್ತದೆ. ಅದಕ್ಕೇ ಆಕಳಿಕೆ, ಮೂಗಿನ ನೀರು ಕಾಣುವವರೆಗೆ ವೈದ್ಯರು ಮೊದಲ ಡೋಸ್ ಕೊಡುವುದಿಲ್ಲ. "ಡಾಕ್ಟ್ರು ನರಳಾಕ ಬಿಟ್ರು" ಎಂದು ಜಗಳ ತೆಗೆಯುವ ಮೊದಲು ಇದು ಗೊತ್ತಿರಲಿ.

ನಾಲ್‌ಟ್ರೆಕ್ಸೋನ್ ಪ್ರಯಾಣಿಕನೇ ಅಲ್ಲ, ಕಿಟಕಿಯಿಂದ ಸೀಟಿಗೆ ಒಗೆದ ಟವೆಲ್. ಯಾರೂ ಕೂತಿಲ್ಲ, ಆದರೆ ಕೂರುವಂತೆಯೂ ಇಲ್ಲ. ನಶೆ ತೆಗೆದುಕೊಂಡರೂ ಏರುವುದಿಲ್ಲ. ಮೈಯಲ್ಲಿ ಓಪಿಯಾಯ್ಡ್ ಇಲ್ಲದೆ ವಾರ ಹತ್ತು ದಿನ ಕಳೆದವರಿಗೆ ಮಾತ್ರ ಇದನ್ನು ಶುರು ಮಾಡಬಹುದು. ಆದ್ದರಿಂದ ಜೈಲಿನಲ್ಲಿ ಶುರು ಮಾಡುವುದು ಸುಲಭ. ಆದರೆ ಟವೆಲ್ ಎತ್ತಿಕೊಳ್ಳುವುದೂ ಅಷ್ಟೇ ಸುಲಭ ಅಲ್ವಾ? ಮನೆಗೆ ಬಂದು ನಾಲ್ಕು ದಿನ ಗುಳಿಗೆ ಬಿಟ್ಟರೆ ಸೀಟು ಪೂರ್ತಿ ಖಾಲಿ, ಮೈಗೆ ಹಳೆಯ ತಾಕತ್ತೂ ಇಲ್ಲ. ಮತ್ತೆ ಆ ಕ್ವಿಂಟಲ್ ಚೀಲದ ಕಥೆ.

ಇನ್ನು ನಲಾಕ್ಸೋನ್. ಇದು ಚಿಕಿತ್ಸೆಯಲ್ಲ, ತುರ್ತಿನ ಮದ್ದು. ಕಂಡಕ್ಟರ್ ಬಂದು ಎಲ್ಲರನ್ನೂ ಎಬ್ಬಿಸಿದ ಹಾಗೆ. ಉಸಿರು ನಿಲ್ಲುತ್ತಿರುವವನಿಗೆ ಕೊಟ್ಟರೆ ಎರಡು ಮೂರು ನಿಮಿಷದಲ್ಲಿ ಉಸಿರು ಮರಳಬಹುದು. ಕಂಡಕ್ಟರ್ ಮಾತ್ರ ಬೇಗ ಇಳಿದುಹೋಗುತ್ತಾನೆ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅಷ್ಟೇ.

ಒಂದು ನಶೆ ಬಿಡಿಸಿ ಇನ್ನೊಂದು ಹಚ್ಚುವುದಾ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಕೇಳುವುದು ತಪ್ಪೂ ಅಲ್ಲ. ಉತ್ತರ ಚಿಕಿತ್ಸೆಗೆ ಬಂದವನ ದಿನಚರಿಯಲ್ಲಿದೆ. ಹೆರಾಯಿನ್ ಚಟ ಇದ್ದವನ ದಿನ ಮುಂದಿನ ಡೋಸಿನ ಹುಡುಕಾಟದಲ್ಲೇ ಮುಗಿಯುತ್ತದೆ. ದುಡ್ಡಿಗೆ ಅವ್ವನ ತಾಳಿಯಿಂದ ಹಿಡಿದು ಕಂಡವರ ಬೈಕಿನವರೆಗೆ ಎಲ್ಲವೂ ಬೇಕು. ಸರಿಯಾದ ಡೋಸಿನ ಬುಪ್ರೆನಾರ್ಫಿನ್ ತೆಗೆದುಕೊಳ್ಳುವವನಿಗೆ ನಶೆ ಏರುವುದಿಲ್ಲ. ಬೆಳಗ್ಗೆ ಗುಳಿಗೆ ಕರಗಿಸಿ ಫೌಂಡ್ರಿಗೆ ಹೋಗಬಹುದು, ಕಬ್ಬು ಕಡಿಯಬಹುದು, ಆಟೋ ಓಡಿಸಬಹುದು. ಮೈ ಔಷಧಿಗೆ ಒಗ್ಗಿರುತ್ತದೆ, ಬಿಟ್ಟರೆ ತ್ರಾಸಾಗುತ್ತದೆ, ಅದು ನಿಜ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಿಟ್ಟರೂ ತ್ರಾಸಾಗುತ್ತದೆ. ಅವರನ್ನು ಇನ್ಸುಲಿನ್ ಚಟದವರು ಎನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಮೆಥಡೋನ್, ಬುಪ್ರೆನಾರ್ಫಿನ್ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆದರೂ ಅನುಮಾನಪಡುವವರ ಬಳಿ ಒಂದು ನಿಜವಾದ ಕಾರಣ ಇದೆ, ಅದನ್ನು ಮುಚ್ಚಿಡಬಾರದು. ಬುಪ್ರೆನಾರ್ಫಿನ್ ಇಂಜೆಕ್ಷನ್ ನಮ್ಮ ದೇಶದಲ್ಲೇ ಒಂದು ಕಾಲಕ್ಕೆ ಬೀದಿ ನಶೆಯಾಗಿತ್ತು, ಬೇರೆ ಔಷಧಿ ಬೆರೆಸಿ ಚುಚ್ಚಿಕೊಳ್ಳುತ್ತಿದ್ದರು. ಅದಕ್ಕೇ ಈಗ ಚಟದ ಚಿಕಿತ್ಸೆಯ ಗುಳಿಗೆ ಓಣಿಯ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ವ್ಯಸನಮುಕ್ತಿ ಕೇಂದ್ರಗಳಿಗಷ್ಟೇ ಸರಬರಾಜು. ಅದೇ ಗುಳಿಗೆಯಲ್ಲಿ ಸ್ವಲ್ಪ ನಲಾಕ್ಸೋನ್ ಬೆರೆಸಿಯೂ ಕೊಡುತ್ತಾರೆ. ನಾಲಿಗೆಯ ಕೆಳಗೆ ಇಟ್ಟರೆ ಅದು ಸುಮ್ಮನಿರುತ್ತದೆ, ಅರೆದು ಸೂಜಿಯಲ್ಲಿ ಚುಚ್ಚಿಕೊಂಡರೆ ಮೈ ಕಿರುಚಿಸುತ್ತದೆ. ಜೈಲಿನಲ್ಲಿ ಇನ್ನೊಂದು ತಲೆನೋವು, ಗುಳಿಗೆಯನ್ನು ಬಾಯಲ್ಲಿ ಅಡಗಿಸಿಟ್ಟು ಆಮೇಲೆ ಇನ್ನೊಬ್ಬನಿಗೆ ಮಾರುವುದು. ಪುಡಿ ಮಾಡಿ ಕೊಟ್ಟು, ಕರಗುವವರೆಗೆ ಎದುರಿಗೇ ಕೂರಿಸಿಕೊಂಡರೆ ಅದು ಬಹಳ ಮಟ್ಟಿಗೆ ನಿಲ್ಲುತ್ತದೆ. ಅಷ್ಟು ಹೊತ್ತು ಕೂರಲು ಸಿಬ್ಬಂದಿ ಬೇಕು. ಸಿಬ್ಬಂದಿ ಇಲ್ಲದೆ ಈ ಚಿಕಿತ್ಸೆ ಇಲ್ಲ.

ಜೈಲಿನೊಳಗೆ ಇದೆಲ್ಲ ಆಗುವ ಮಾತಾ? ಆಗಿದೆ. ದಿಲ್ಲಿಯ ತಿಹಾರ್ ಜೈಲಿನಲ್ಲಿ 2008ರಲ್ಲೇ ಬುಪ್ರೆನಾರ್ಫಿನ್ ಚಿಕಿತ್ಸೆ ಶುರುವಾಯಿತು. ಅಮೆರಿಕದ ಪುಟ್ಟ ರಾಜ್ಯ ರೋಡ್ ಐಲೆಂಡ್ 2016ರಿಂದ ತನ್ನ ಜೈಲುಗಳಲ್ಲಿ ಮೆಥಡೋನ್, ಬುಪ್ರೆನಾರ್ಫಿನ್, ನಾಲ್‌ಟ್ರೆಕ್ಸೋನ್ ಮೂರನ್ನೂ ಕೊಡತೊಡಗಿತು, ಹೊರಬಂದವರನ್ನು ಊರಿನ ಚಿಕಿತ್ಸಾ ಕೇಂದ್ರಕ್ಕೆ ಜೋಡಿಸಿತು. 2016ರ ಮೊದಲ ಆರು ತಿಂಗಳಲ್ಲಿ, ಹೊಸದಾಗಿ ಬಿಡುಗಡೆಯಾದವರಲ್ಲಿ 26 ಜನ ಡೋಸ್ ಜಾಸ್ತಿಯಾಗಿ ಸತ್ತಿದ್ದರು. 2017ರ ಅದೇ ಆರು ತಿಂಗಳಲ್ಲಿ 9 ಜನ.

ನನಗೆ ಇದಕ್ಕಿಂತ ಹೆಚ್ಚು ಪಾಠ ಕಾಣುವುದು ಇಂಗ್ಲೆಂಡಿನ ಲೆಕ್ಕದಲ್ಲಿ. ಅಲ್ಲಿ ಸುಮಾರು 12 ಸಾವಿರ ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ಬಂತು. ಔಷಧಿಯ ಮೇಲಿದ್ದಾಗಲೇ ಬಿಡುಗಡೆಯಾದವರಲ್ಲಿ ಮೊದಲ ನಾಲ್ಕು ವಾರದ ಸಾವು ಉಳಿದವರಿಗಿಂತ ಶೇ. 75ರಷ್ಟು ಕಡಿಮೆ, ನಶೆಯ ವಿಷವೇರಿ ಆಗುವ ಸಾವು ಶೇ. 85ರಷ್ಟು ಕಡಿಮೆ. ತಿಂಗಳು ದಾಟಿದ ಮೇಲೆ ಮಾತ್ರ ಎರಡೂ ಗುಂಪುಗಳ ನಡುವೆ ಆ ವ್ಯತ್ಯಾಸ ಕಾಣಲಿಲ್ಲ. ಒಳಗೆ ಕೊಟ್ಟ ಔಷಧಿ ಗೇಟು ದಾಟಿಸುತ್ತದೆ. ಮುಂದಿನದು ಹೊರಗೆ ಸಿಗುವ ಔಷಧಿಯ ಕೆಲಸ.

ನಮ್ಮಲ್ಲಿ ಎಡವುವ ಜಾಗ ಇದೇ. ಶಿಕ್ಷೆ ಮುಗಿಸಿ ಹೊರಬರುವವನಿಗೆ ಒಂದು ತಾರೀಖು ಇರುತ್ತದೆ. ಹದಿನೈದು ದಿನ ಮೊದಲೇ ತಯಾರಿ ಮಾಡಬಹುದು, ಒಳಗೆ ಪೂರ್ತಿ ಬಿಟ್ಟಿದ್ದವನಿಗೂ ಬುಪ್ರೆನಾರ್ಫಿನ್ ಅನ್ನು ಸಣ್ಣ ಡೋಸಿನಿಂದ ಶುರು ಮಾಡಬಹುದು. ಆದರೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು. ಇವರಿಗೆ ತಾರೀಖು ಇಲ್ಲ. ಮಧ್ಯಾಹ್ನ ಜಾಮೀನು ಮಂಜೂರಾಗುತ್ತದೆ, ಶ್ಯೂರಿಟಿಯವನ ಪಹಣಿ ಸಿಕ್ಕರೆ ಆದೇಶ ಜೈಲಿಗೆ ಮುಟ್ಟುತ್ತದೆ, ಕತ್ತಲಾಗುವಷ್ಟರಲ್ಲಿ ಮನುಷ್ಯ ರಸ್ತೆಯಲ್ಲಿ. ಜೈಲಿನ ಡಾಕ್ಟರಿಗೆ ಸುದ್ದಿ ಗೊತ್ತಾಗುವುದು ಮರುದಿನ ಹಾಸಿಗೆ ಖಾಲಿ ಕಂಡಾಗ.

ಹಾಗಾಗಿ ತಯಾರಿ ಶುರುವಾಗಬೇಕಾದದ್ದು ಒಳಗೆ ಹೋದ ದಿನವೇ. ಹೊಸಬನನ್ನು ಪರೀಕ್ಷೆ ಮಾಡುವಾಗಲೇ ಯಾವ ನಶೆ, ಕೊನೆಯ ಬಾರಿ ಯಾವಾಗ ಎಂದು ಕೇಳಿ ಬರೆದುಕೊಳ್ಳುವುದು. ಔಷಧಿ ನಡೆಯುತ್ತಿದ್ದರೆ ಡೋಸ್ ಬರೆದ ಚೀಟಿ ಯಾವಾಗಲೂ ತಯಾರಿರುವುದು, ಬಟ್ಟೆ, ಚಪ್ಪಲಿ ವಾಪಸ್ ಕೊಡುವಾಗ ಅದನ್ನೂ ಕೊಡುವುದು. ಮನೆಯವರೂ ಭೇಟಿಗೆ ಹೋದಾಗ ಜೈಲಿನ ವೈದ್ಯರಿಗೆ ಚಟದ ವಿಷಯ ತಿಳಿಸಬಹುದು, ವಕೀಲರ ಮೂಲಕ ಕೋರ್ಟಿನ ಗಮನಕ್ಕೂ ತರಬಹುದು. ನಾಚಿಕೆಯಿಂದ ಇದನ್ನು ಮುಚ್ಚಿಡುವವರೇ ಜಾಸ್ತಿ.

ಹೇಳಿದರೆ ಇನ್ನೊಂದು ಕೇಸು ಬಿದ್ದೀತು ಎಂಬ ಭಯವೂ ಇದೆ. ಕಾನೂನು ಅಷ್ಟು ಕಠೋರವಾಗಿಲ್ಲ. ಎನ್‌ಡಿಪಿಎಸ್ ಕಾಯ್ದೆಯ ಕಲಂ 64ಎ ಪ್ರಕಾರ, ನಶೆ ಸೇವಿಸಿದ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡ ಆರೋಪ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಹೋದರೆ ಆ ಆರೋಪದ ಮೇಲೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹಿಂತೆಗೆಯಬಹುದು. ಕಲಂ 39 ಇನ್ನೂ ಮುಂದೆ ಹೋಗುತ್ತದೆ. ಇಂಥ ಸಣ್ಣ ಪ್ರಕರಣದಲ್ಲಿ ತಪ್ಪಿತಸ್ಥ ಎಂದಾದರೂ, ಅವನು ಒಪ್ಪಿದರೆ, ಶಿಕ್ಷೆಯ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ ಕೋರ್ಟಿಗಿದೆ. ಮಾರಾಟ ಮಾಡಿ ಸಿಕ್ಕವನಿಗೆ ಇದು ಅನ್ವಯಿಸುವುದಿಲ್ಲ. ಆದರೆ ಅವನಿಗೂ ಚಟ ಇದ್ದರೆ ಚಿಕಿತ್ಸೆ ಬೇಕೇ ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ನಶೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ಲೆಕ್ಕಕ್ಕೇ ತೆಗೆದುಕೊಳ್ಳುತ್ತದೆ.

ಹೊರಗೆ ಬಂದ ಮೇಲೆ ಎಲ್ಲಿಗೆ ಹೋಗುವುದು? ಮೊದಲು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ. ಅಲ್ಲಿಂದ ಮುಂದೆ ಕಳಿಸಬೇಕಾದರೆ ನಮ್ಮ ಭಾಗಕ್ಕೆಲ್ಲ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಬೆಳಗಾವಿಯವರಿಗೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ವಿಜಯಪುರದವರಿಗೆ ಸುಮಾರು 200 ಕಿ.ಮೀ., ಒಂದು ದಿನದ ಕೂಲಿ ಹೋಯಿತು. ಪದೇ ಪದೇ ಹೋಗಿ ತರಬೇಕಾದ ಔಷಧಿಗೆ ಇಷ್ಟು ದೂರವೇ ಒಂದು ರೋಗ. ಮೊದಲ ಸಲ ಹೋದಾಗಲೇ ಎಷ್ಟು ದಿನದ ಗುಳಿಗೆ ಒಟ್ಟಿಗೆ ಸಿಗುತ್ತದೆ, ಹತ್ತಿರದಲ್ಲಿ ಇನ್ನೆಲ್ಲಿ ಸಿಗುತ್ತದೆ ಎಂದು ಬಾಯಿಬಿಟ್ಟು ಕೇಳಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಎರಡೂ ಉಚಿತ. ಎಷ್ಟು ದಿನ ತೆಗೆದುಕೊಳ್ಳಬೇಕು ಎಂದರೆ ಹದಿನೈದು ದಿನದ ಕೋರ್ಸ್ ಅಲ್ಲ, ಸಾಮಾನ್ಯವಾಗಿ ವರ್ಷ ಅಥವಾ ಇನ್ನೂ ಜಾಸ್ತಿ. ಬಿಡುವಾಗಲೂ ವೈದ್ಯರು ಮೆಲ್ಲಗೆ ಇಳಿಸುತ್ತಾರೆ. "ಆರಾಮ ಆಗೇನಿ, ಇನ್ನ ಗುಳಿಗಿ ಯಾಕ" ಎಂದು ತಾನೇ ಬಿಟ್ಟವರು ಮತ್ತೆ ಬೀಳುವುದು ಬಹಳ.

ಆ ಹದಿನೈದು ದಿನ ಮನೆಯಲ್ಲಿ ಯಾರಾದರೂ ಒಬ್ಬರು ಕಣ್ಣಿಟ್ಟಿರಬೇಕು. ಬಾಗಿಲ ಚಿಲಕ ಹಾಕಿ ಒಬ್ಬನೇ ಮಲಗಲು ಬಿಡಬೇಡಿ. ಕರೆದರೆ, ಅಲ್ಲಾಡಿಸಿದರೆ ಏಳುತ್ತಿಲ್ಲ, ಗೊರಕೆಯಂಥ ಗೊರಗೊರ ಸದ್ದು, ತುಟಿ ಉಗುರು ನೀಲಿ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಸಣ್ಣ, ಇದು ನಿದ್ದೆಯಲ್ಲ. 108ಕ್ಕೆ ಫೋನ್ ಮಾಡಿ. ಉಸಿರಿದ್ದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಶೆ ಇಳಿಯಲಿ ಅಂತ ಲಿಂಬೆ ರಸ, ಮಜ್ಜಿಗೆ ಹುಯ್ಯಬೇಡಿ, ಎಚ್ಚರ ಇಲ್ಲದವನ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಏನು ತೆಗೆದುಕೊಂಡಿದ್ದ ಎಂಬುದನ್ನು ಇದ್ದ ಹಾಗೆ ಹೇಳಿ, ಖಾಲಿ ಸ್ಟ್ರಿಪ್ ಸಿಕ್ಕರೆ ಒಯ್ದು ತೋರಿಸಿ. ನಲಾಕ್ಸೋನ್ ಕೊಟ್ಟ ಮೇಲೆ ಹುಡುಗ ಎದ್ದು ಕೂರುತ್ತಾನೆ, ಸಿಟ್ಟು ಮಾಡುತ್ತಾನೆ, ಮನೆಗೆ ಹೋಗೋಣ ನಡೀರಿ ಎನ್ನುತ್ತಾನೆ. ಆಗ ಕರೆದುಕೊಂಡು ಹೋಗಬೇಡಿ. ಕಂಡಕ್ಟರ್ ಇಳಿದ ಮೇಲೂ ನಶೆ ಬಸ್ಸಿನಲ್ಲೇ ಇರುತ್ತದೆ. ಆ ರಾತ್ರಿ ಆಸ್ಪತ್ರೆಯಲ್ಲೇ ಇರಲಿ. ಬೆಳಗ್ಗೆ ಮನೋರೋಗ ವಿಭಾಗದ ಬಾಗಿಲು ತೆರೆದ ಕೂಡಲೇ, ಜೈಲಿನ ಚೀಟಿ ಹಿಡಿದು, ಅಲ್ಲಿಂದಲೇ ನೇರ ಕರೆದುಕೊಂಡು ಹೋಗಿ.